ಅಟ್ಟದ ಮೇಲಿನ ಎರಡು ಚೀಲ

2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ನಾನು ಬರೆದ ಬಿಲ್ಲುಗಳ ಮೊತ್ತ 15,40,000 ರೂಪಾಯಿ. ಕಂಪನಿಗಳು ಮುರಿದುಕೊಂಡ ತೆರಿಗೆಯನ್ನೂ ಸೇರಿಸಿದರೆ ಅದರಲ್ಲಿ ಬಂದದ್ದು 12,10,000. ಬರಬೇಕಾಗಿ ಉಳಿದದ್ದು 2,35,000. ಮಿಕ್ಕ 95,000 ಇನ್ನು ಬರುವುದಿಲ್ಲವೆಂದು ಕೈಬಿಟ್ಟಿದ್ದೇನೆ. ಇಷ್ಟನ್ನು ಸರಿಯಾಗಿ ಬರೆದುಕೊಳ್ಳಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು. ಹನ್ನೊಂದು ವರ್ಷ ಸಂಬಳದ ಕೆಲಸ ಮಾಡುವಾಗ ಇಂಥ ಲೆಕ್ಕ ಬರೆಯುವ ಪ್ರಮೇಯವೇ ಬಂದಿರಲಿಲ್ಲ.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಮನೆಯ ನಕ್ಷೆ ಬರೆಯುವವರು ಆರ್ಕಿಟೆಕ್ಟ್. ಆ ಮನೆ ನಿಲ್ಲಬೇಕಾದರೆ ಪಾಯ ಎಷ್ಟು ಆಳಕ್ಕೆ ಹೋಗಬೇಕು, ಕಾಲಂಗೆ ಎಷ್ಟು ಕಂಬಿ, ಯಾವ ದಪ್ಪದ್ದು, ಮೋಲ್ಡ್ ಎಷ್ಟು ಇಂಚು ಎಂದು ಲೆಕ್ಕ ಹಾಕಿ ಡ್ರಾಯಿಂಗ್ ಕೊಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ದುಡಿಯುತ್ತಿದ್ದೆ. ತಿಂಗಳಿಗೆ 92,000 ಕೈಗೆ ಬರುತ್ತಿತ್ತು. ಅಪ್ಪಯ್ಯನಿಗೆ ವಯಸ್ಸಾಯಿತು, ತೀರ್ಥಹಳ್ಳಿ ಹತ್ತಿರದ ನಮ್ಮ ತೋಟ ನೋಡುವವರಿಲ್ಲ ಎಂದಾದಾಗ 2024ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಬಂದು ಬಾಡಿಗೆ ಮನೆಯಲ್ಲಿ ಸ್ವಂತ ಕೆಲಸ ಶುರು ಮಾಡಿದೆ. ಊರು ಅಲ್ಲಿಂದ ಸುಮಾರು 60 ಕಿಲೋಮೀಟರ್. ಬೆಂಗಳೂರಿನ ಒಂದೆರಡು ಕಂಪನಿಗಳು, ಶಿವಮೊಗ್ಗದ ನಾಲ್ಕು ಜನ ಆರ್ಕಿಟೆಕ್ಟ್‌ಗಳು, ನೇರವಾಗಿ ಬರುವ ಮನೆಯ ಯಜಮಾನರು ನನಗೆ ಕೆಲಸ ಕೊಡುವವರು. ಹೀಗೇ ಒಂಟಿಯಾಗಿ ಹೊರಟಿರುವವರಿಗೆ ಉಪಯೋಗವಾದೀತು ಎಂದು ನನ್ನ ಒಂದು ವರ್ಷವನ್ನು ಇಲ್ಲಿ ಬರೆಯುತ್ತಿದ್ದೇನೆ.

ತಿಂಗಳೆಂಬ ಅಳತೆ

ಮೊದಲ ಎರಡು ತಿಂಗಳು ಚೆನ್ನಾಗಿಯೇ ನಡೆದವು. ಹಳೆಯ ಕಚೇರಿಯೇ ಎರಡು ಕೆಲಸ ಕೊಟ್ಟಿತು. ಏಪ್ರಿಲ್‌ನಲ್ಲಿ 1,40,000 ಬಂತು, ಮೇ ತಿಂಗಳಲ್ಲಿ 1,65,000. ಸಂಬಳಕ್ಕಿಂತ ಹೆಚ್ಚಾಯಿತಲ್ಲ ಎಂಬ ಧೈರ್ಯದಲ್ಲಿ ಮೇ ಕೊನೆಗೆ ಒಂದು ಹಳೆಯ ಕಾರು ಕೊಂಡೆ. ಹನ್ನೊಂದು ವರ್ಷದ ಸೇವೆಗೆ ಬಂದ ಮೂರು ಲಕ್ಷದಷ್ಟು ಗ್ರಾಚ್ಯುಯಿಟಿ ಮನೆಯ ಅಡ್ವಾನ್ಸು, ಹೊಸ ಕಂಪ್ಯೂಟರು, ಅಪ್ಪಯ್ಯನ ಕಣ್ಣಿನ ಆಪರೇಷನ್ನಿಗೆ ಹೋಗಿತ್ತು.

ಆಮೇಲೆ ಮಳೆ ಹಿಡಿಯಿತು. ಜೂನ್‌ನಲ್ಲಿ 70,000, ಜುಲೈಯಲ್ಲಿ 12,000, ಆಗಸ್ಟ್‌ನಲ್ಲಿ 28,000. ಮಲೆನಾಡಿನ ಮಳೆಯಲ್ಲಿ ಯಾರೂ ಪಾಯ ತೋಡುವುದಿಲ್ಲ. ಮಳೆ ಬಿಡುವು ಕೊಟ್ಟರೂ ಆಷಾಢದಲ್ಲಿ ಗುದ್ದಲಿ ಪೂಜೆ ಇಲ್ಲ. ಶ್ರಾವಣದಲ್ಲಿ ಒಂದಿಷ್ಟು ಜನ ಬಂದು ವಿಚಾರಿಸಿದರು. ಅಷ್ಟರಲ್ಲಿ ಪಿತೃಪಕ್ಷ ಬಂತು. ದೀಪಾವಳಿ ಕಳೆದ ಮೇಲೆ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಡಿಸೆಂಬರ್ ನಡುವೆ ಧನುರ್ಮಾಸ ಹಿಡಿದು ಮತ್ತೆ ಸ್ವಲ್ಪ ತಗ್ಗಿತು. ಮಾರ್ಚ್ ಒಂದೇ ತಿಂಗಳಲ್ಲಿ 2,20,000 ಬಂತು. ಬೆಂಗಳೂರಿನ ಕಚೇರಿಯಲ್ಲಿ ಕೂತು ಡ್ರಾಯಿಂಗ್ ಮಾಡುವಾಗ ಪಂಚಾಂಗಕ್ಕೂ ನನ್ನ ಬ್ಯಾಂಕ್ ಖಾತೆಗೂ ಸಂಬಂಧವಿದೆ ಎಂಬುದು ಗೊತ್ತಿರಲಿಲ್ಲ. ಆ ಏರಿಳಿತವನ್ನು ಕಚೇರಿಯೇ ತನ್ನ ಮೈಮೇಲೆ ತೆಗೆದುಕೊಂಡು, ನನಗೆ ತಿಂಗಳ ಕೊನೆಯಲ್ಲಿ ಒಂದೇ ಸಮನಾದ ಮೊತ್ತ ಕೊಡುತ್ತಿತ್ತು.

ಆ ವರ್ಷದ ದಸರೆಗೆ ಊರಿಗೆ ಹೋದಾಗ ಅಪ್ಪಯ್ಯನ ಹತ್ತಿರ ಹೇಳಿಕೊಂಡೆ. ಆಯುಧಪೂಜೆಗೆಂದು ಕತ್ತಿ, ದೋಟಿ ಒರೆಸುತ್ತಾ ಕೂತಿದ್ದವರು, "ನೀನು ಹುಟ್ಟಿದ್ದು ತೋಟದ ಮನೇಲಿ ಮಗಾ. ನಮಗೆ ಯಾವ ತಿಂಗಳು ಸಂಬಳ ಬಂದಿತ್ತು?" ಎಂದು ಕೇಳಿದರು.

ನಿಜ. ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ, ಶಿವಮೊಗ್ಗದ ಮಂಡಿಗೆ ಹಾಕಿದ ಮೇಲೆ ವರ್ಷಕ್ಕೆ ಒಂದೆರಡು ಸಲ ದುಡ್ಡು ನೋಡುತ್ತಿದ್ದ ಮನೆ ನಮ್ಮದು. ಆದರೂ ನನಗೆ ಶಾಲೆಯ ಫೀಸು ತಪ್ಪಿದ್ದಿಲ್ಲ. ಜೂನ್‌ನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದುಡ್ಡಿಗೂ ತತ್ವಾರ ಬಂದದ್ದಿಲ್ಲ. ಅದು ಹೇಗೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಆವತ್ತು ಕೇಳಿದೆ.

"ದುಡ್ಡು ಬಂತು ಅಂದ ಕೂಡ್ಲೇ ಅದು ನಮ್ದಾಗಲ್ಲ. ಮೊದ್ಲು ತೋಟದ್ದು ತೆಗೀಬೇಕು, ಆಮೇಲೆ ಆಳುಗಳದ್ದು, ಆಮೇಲೆ ಸೊಸೈಟೀದು. ಉಳ್ದಿದ್ದು ಮನೆಗೆ. ಅದನ್ನೂ ನಿಮ್ಮಮ್ಮ ಹನ್ನೆರಡು ಪಾಲು ಮಾಡ್ತಿದ್ಲು" ಎಂದರು. ಮತ್ತೆ ಅಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಹಿಂದಿನ ವರ್ಷದ ಅಡಿಕೆಯ ಎರಡು ಚೀಲ ಇದ್ದವು. ನಾನು ಚಿಕ್ಕವಳಿದ್ದಾಗಲೂ ಅಲ್ಲಿ ಎರಡು ಚೀಲ ಇರುತ್ತಿದ್ದವು. ಹೊಸ ಫಸಲು ಅಟ್ಟಕ್ಕೆ ಏರಿದ ಮೇಲೆಯೇ ಹಳೆಯದು ಇಳಿದು ಮಂಡಿಗೆ ಹೋಗುತ್ತಿತ್ತು.

ಶಿವಮೊಗ್ಗಕ್ಕೆ ವಾಪಸಾದ ವಾರವೇ ಬ್ಯಾಂಕಿನಲ್ಲಿ ಬೇರೆ ಬೇರೆ ಖಾತೆ ಮಾಡಿದೆ. ಬಂದ ಪ್ರತಿ ನೂರು ರೂಪಾಯಿಯಲ್ಲಿ 30 ಕೆಲಸದ ಖರ್ಚಿಗೆ, 10 ತೆರಿಗೆಗೆ, 15 ಅಟ್ಟಕ್ಕೆ, 45 ಮನೆಗೆ. ಮನೆಯ ಖಾತೆಯಿಂದ ಪ್ರತಿ ತಿಂಗಳ ಒಂದನೇ ತಾರೀಕು ನನಗೆ ನಾನೇ 45,000 ಸಂಬಳ ಕೊಟ್ಟುಕೊಳ್ಳುತ್ತೇನೆ. ಹೆಚ್ಚು ಬಂದ ತಿಂಗಳೂ ಅಷ್ಟೇ, ಏನೂ ಬಾರದ ತಿಂಗಳೂ ಅಷ್ಟೇ.

ಚದರಕ್ಕೆ ಎಷ್ಟು?

ಹೊಸದಾಗಿ ಬಂದವಳೆಂದು ಚದರಡಿಗೆ ಎಂಟು ರೂಪಾಯಿ ಹೇಳುತ್ತಿದ್ದೆ. ಊರಲ್ಲಿ ಹೆಸರಾಗಲಿ, ಆಮೇಲೆ ಏರಿಸೋಣ ಎಂಬ ಯೋಚನೆ. ಸೆಪ್ಟೆಂಬರ್‌ನಲ್ಲಿ ಒಂದು ಮನೆಯ ಕೆಲಸಕ್ಕೆ ಹಿಡಿದ ಗಂಟೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಕೆಳಗೆ ಹದಿನೈದು ಚದರ, ಮೇಲೆ ಹದಿನೈದು ಚದರ, ಒಟ್ಟು 3,000 ಚದರಡಿ. ಫೀಸು 24,000. ಲೆಕ್ಕ, ಡ್ರಾಯಿಂಗ್, ಮೂರು ಸಲ ಸೈಟಿಗೆ ಓಡಾಟ, "ಮೇಡಂ, ಅಡುಗೆಮನೆ ಗೋಡೆ ಎರಡು ಅಡಿ ಆಚೆ ಹಾಕಬಹುದಾ?" ಎಂಬಂಥ ಫೋನುಗಳು ಎಲ್ಲ ಸೇರಿ 46 ಗಂಟೆ ಆಗಿತ್ತು. ಡ್ರಾಯಿಂಗ್ ಬರೆದುಕೊಟ್ಟವರಿಗೆ 6,000, ಪೆಟ್ರೋಲಿಗೆ 2,000 ಕಳೆದರೆ ಗಂಟೆಗೆ 350 ರೂಪಾಯಿಗೂ ಸ್ವಲ್ಪ ಕಡಿಮೆಯೇ ಬಿತ್ತು. ಆ ಮನೆಗೆ ಯಜಮಾನರು ಹಾಕುತ್ತಿದ್ದದ್ದು 60 ಲಕ್ಷ. ಇಡೀ ಮನೆಯ ಭಾರವನ್ನು ಲೆಕ್ಕ ಹಾಕುವ ಕೆಲಸಕ್ಕೆ ನಾನು ಕೇಳಿದ್ದು ಅದರಲ್ಲಿ ನೂರಕ್ಕೆ ಅರ್ಧ ರೂಪಾಯಿಯೂ ಆಗಲಿಲ್ಲ.

ನವೆಂಬರ್‌ನಿಂದ ಚದರಡಿಗೆ 14 ಮಾಡಿದೆ. ಹೆದರಿಕೆ ಇತ್ತು. ಐದು ಜನ ಕೇಳಿದರೆ ಇಬ್ಬರು ಬೇರೆಯವರ ಹತ್ತಿರ ಹೋದರು, ಮೂವರು ಉಳಿದರು. ಮೂರು ಮನೆಯಿಂದ ಬಂದದ್ದು ಹಳೆಯ ದರದ ಐದು ಮನೆಗಿಂತ ಸ್ವಲ್ಪ ಹೆಚ್ಚೇ ಆಯಿತು. ಮೋಲ್ಡ್ ಹಾಕುವ ಮೊದಲು ಕಂಬಿ ಕಟ್ಟಿದ್ದನ್ನು ನಾನೇ ನಿಂತು ನೋಡುವಷ್ಟು ಸಮಯವೂ ಸಿಕ್ಕಿತು. ದರ ಇಳಿಸಿದರೆ ಮೊದಲು ಹೋಗುವುದು ಈ ನಿಂತು ನೋಡುವ ಸಮಯ ಎಂಬುದು ನನಗೆ ಗಂಟೆಗಳನ್ನು ಎಣಿಸಿದ ಮೇಲೆ ತಿಳಿಯಿತು.

ಕೈಬಿಟ್ಟ 95,000ದ ಕಥೆಯೂ ಮೊದಲ ಆರು ತಿಂಗಳದ್ದೇ. ಮೂವರು ಗಿರಾಕಿಗಳು. ಮೂವರಿಗೂ ಪಾಯದಿಂದ ತಾರಸಿಯವರೆಗಿನ ಡ್ರಾಯಿಂಗನ್ನು ಒಟ್ಟಿಗೇ ಕೊಟ್ಟಿದ್ದೆ. ಡ್ರಾಯಿಂಗ್ ಕೈಗೆ ಸಿಕ್ಕಿದ ಮೇಲೆ ಫೋನು ಎತ್ತುವುದು ಕಡಿಮೆಯಾಯಿತು. ಯಾವ ಕಾಗದವೂ ಇರಲಿಲ್ಲ, ಬಾಯಿಮಾತಿನ ಒಪ್ಪಂದ. ಈಗ ಒಂದು ಪುಟದ ಕರಾರು ಇದೆ. ಕೆಲಸ ಹಿಡಿಯುವಾಗ ಶೇ. 40, ಪಾಯದ ಡ್ರಾಯಿಂಗ್ ಕೊಡುವಾಗ ಶೇ. 30, ತಾರಸಿಯ ಡ್ರಾಯಿಂಗ್ ಕೊಡುವ ಮೊದಲು ಉಳಿದ ಶೇ. 30. ನಕ್ಷೆ ಎಷ್ಟು ಸಲ ಬದಲಾಗಬಹುದು, ಸೈಟಿಗೆ ಎಷ್ಟು ಸಲ ಬರುತ್ತೇನೆ ಎಂಬುದನ್ನೂ ಅದರಲ್ಲೇ ಬರೆದಿರುತ್ತೇನೆ. ಕರಾರು ಕೇಳಿ ಮುನಿಸಿಕೊಂಡವರು ಈವರೆಗೆ ಒಬ್ಬರೇ.

ಮುರಿದುಕೊಂಡ ಹತ್ತು ರೂಪಾಯಿ

ಕಂಪನಿಗಳು ನನ್ನ ಬಿಲ್ಲಿನಲ್ಲಿ ಶೇ. 10 ಟಿಡಿಎಸ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತವೆ. 2024-25ರಲ್ಲಿ ವೃತ್ತಿಪರರ ಶುಲ್ಕಕ್ಕೆ 194ಜೆ ಕಲಮಿನ ನಿಯಮ ಅದಾಗಿತ್ತು. ಆ ವರ್ಷ ಕಂಪನಿಗಳಿಂದ ಬಂದ 8,20,000ದಲ್ಲಿ 82,000 ಹೀಗೆ ಹೋಯಿತು. ಮೊದಮೊದಲು ಅದನ್ನು ಹೋದ ದುಡ್ಡೆಂದೇ ತಿಳಿದಿದ್ದೆ. ಅದು ನನ್ನ ಹೆಸರಿನಲ್ಲಿ ಸರ್ಕಾರದ ಬಳಿ ಇರುವ ನನ್ನದೇ ದುಡ್ಡು. ಆದರೆ ಅದು ನಿಜವಾಗಿ ನನ್ನ ಪ್ಯಾನ್ ನಂಬರಿಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳುವ ಕೆಲಸವೂ ನನ್ನದೇ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ 26ಎಎಸ್ ಎಂಬ ಪಟ್ಟಿ ಸಿಗುತ್ತದೆ. ಕಂಪನಿಗಳು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಿದ ಹಾಗೆ ಅದು ತುಂಬುತ್ತಾ ಹೋಗುತ್ತದೆ. ನವೆಂಬರ್‌ನಲ್ಲಿ ನೋಡಿದಾಗ ಒಂದು ಕಡೆಯ 14,000 ಅದರಲ್ಲಿ ಇರಲೇ ಇಲ್ಲ. ನನ್ನ ಪ್ಯಾನ್ ನಂಬರಿನ ಒಂದು ಅಕ್ಷರ ತಪ್ಪಾಗಿ ನಮೂದಾಗಿತ್ತು. ನಾಲ್ಕು ಸಲ ಕೇಳಿದ ಮೇಲೆ ಸರಿಮಾಡಿದರು. ಜೂನ್‌ವರೆಗೆ ನೋಡದೇ ಇದ್ದಿದ್ದರೆ ರಿಟರ್ನ್ ಹಾಕುವ ಹೊತ್ತಿಗೆ ಪರದಾಡಬೇಕಿತ್ತು.

ಎಂಜಿನಿಯರ್, ವೈದ್ಯ, ವಕೀಲರಂಥ ಕೆಲವು ವೃತ್ತಿಗಳಿಗೆ ಆ ವರ್ಷ 44ಎಡಿಎ ಎಂಬ ಕಲಮಿನಡಿ ಒಂದು ಸುಲಭದ ದಾರಿ ಇತ್ತು. ವರ್ಷದ ಆದಾಯ 50 ಲಕ್ಷ ಮೀರದಿದ್ದರೆ ಖರ್ಚಿನ ಪುಸ್ತಕ ಇಡದೆ, ಬಂದದ್ದರಲ್ಲಿ ಕನಿಷ್ಠ ಅರ್ಧವನ್ನು ಲಾಭವೆಂದು ತೋರಿಸಬಹುದಿತ್ತು. ನನ್ನ ನಿಜವಾದ ಖರ್ಚು 3,40,000 ಮಾತ್ರ. ಉಳಿದ 8,70,000ವನ್ನೇ ಲಾಭವೆಂದು ತೋರಿಸಿದೆ. ಹೊಸ ಪದ್ಧತಿಯಲ್ಲಿ ತೆರಿಗೆ, ಸೆಸ್ ಸೇರಿ 38,480 ಆಯಿತು. ಹಿಡಿದದ್ದು 82,000 ಆದ್ದರಿಂದ 43,520 ವಾಪಸು ಬಂತು. ಇಷ್ಟು ಟಿಡಿಎಸ್ ಹಿಡಿಯದೇ ಇದ್ದಿದ್ದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆಯನ್ನು ನಾನೇ ಕಟ್ಟಬೇಕಿತ್ತು. ಮನೆಯ ಯಜಮಾನರಿಂದಲೇ ಹೆಚ್ಚು ಕೆಲಸ ಬರುವವರು ಆ ತಾರೀಕನ್ನು ಮರೆಯಬಾರದು.

ಇನ್ನೊಂದು ಕೆಲಸವನ್ನು ನಾನು ನವೆಂಬರ್‌ವರೆಗೆ ಮುಂದೂಡಿದ್ದೆ. ಅದು ಉದ್ಯಮ್ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಒಂದು ಪೈಸೆ ಖರ್ಚಿಲ್ಲದೆ ಆಗುತ್ತದೆ. ಒಬ್ಬಳೇ ಕೂತು ಮಾಡುವ ಕೆಲಸ ಅದ್ಯಾವ ಉದ್ಯಮ ಎಂದುಕೊಂಡಿದ್ದೆ. 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ ನೋಂದಾಯಿಸಿದ ಸಣ್ಣ ಘಟಕಕ್ಕೆ ಸಲ್ಲಬೇಕಾದ ಹಣವನ್ನು ಕೊಡಲು ಕರಾರು ಇದ್ದರೂ 45 ದಿನ ಮೀರುವಂತಿಲ್ಲ, ಕರಾರು ಇಲ್ಲದಿದ್ದರೆ 15 ದಿನ. ಆ ಅವಧಿ ಮೀರಿಸಿ ಬಾಕಿ ಉಳಿಸಿಕೊಂಡ ಬಿಲ್ಲನ್ನು ಕಂಪನಿ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಸೇರಿದೆ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಹಾಕಿದ ಮೇಲೆ ನಾನು ಯಾರ ಜತೆಗೂ ಜಗಳವಾಡಬೇಕಾಗಿ ಬರಲಿಲ್ಲ. ಮೂರು ತಿಂಗಳು ಎಳೆಯುತ್ತಿದ್ದ ಒಂದು ಕಡೆಯ ಲೆಕ್ಕಪತ್ರದವರು ಜನವರಿಯಲ್ಲಿ ತಾವೇ ಫೋನು ಮಾಡಿ ಪ್ರಮಾಣಪತ್ರ ಕಳಿಸಲು ಹೇಳಿದರು. ಮಾರ್ಚ್‌ನಲ್ಲಿ 2,20,000 ಬಂದದ್ದಕ್ಕೆ ಬಹುಪಾಲು ಕಾರಣ ಅದೇ.

ಜುಲೈ

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಜುಲೈ. 2024ರ ಮಳೆಗಾಲದಲ್ಲಿ ರಾಜ್ಯದ ತುಂಬ ಡೆಂಗಿ ಹಬ್ಬಿತ್ತು. ನನಗೂ ಬಂತು. ಐದು ದಿನ ಆಸ್ಪತ್ರೆ, ಮನೆಯಲ್ಲಿ ಎರಡು ವಾರ ಎದ್ದು ಕೂರಲಾರದ ನಿಶ್ಶಕ್ತಿ. ಬಿಲ್ಲು 58,000. ಕಚೇರಿಯ ಗುಂಪು ವಿಮೆ ಕೆಲಸ ಬಿಟ್ಟ ದಿನವೇ ಮುಗಿದಿತ್ತು. ಸ್ವಂತ ವಿಮೆಯನ್ನು ಜುಲೈ ಮೊದಲ ವಾರವಷ್ಟೇ ಮಾಡಿಸಿದ್ದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟರೆ ಮೊದಲ 30 ದಿನ ಯಾವ ಕಾಯಿಲೆಗೂ ಹಣ ಸಿಗುವುದಿಲ್ಲ. ಕೆಲಸ ಬಿಡುವ ಮೊದಲೇ ಕೇಳಿದ್ದರೆ ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದಿತ್ತು. ನಾನು ಕೇಳಿರಲಿಲ್ಲ. ರಾಜೀನಾಮೆ ಪತ್ರ ಬರೆಯುವ ಮೊದಲು ಮಾಡಬೇಕಾದ ಕೆಲಸ ಅದು.

ಹಾಸಿಗೆಯಿಂದ ಎದ್ದ ವಾರ ಒಬ್ಬ ಬಿಲ್ಡರ್ ಬಂದರು. ಎರಡು ಅಂತಸ್ತಿಗೆಂದು ಬೇರೆ ಯಾರೋ ಡಿಸೈನ್ ಮಾಡಿದ ಕಟ್ಟಡ. ಒಂಬತ್ತು ಇಂಚು ಹನ್ನೆರಡು ಇಂಚಿನ ಕಾಲಂಗಳು. ಎರಡೂ ಮೋಲ್ಡ್ ಆಗಿತ್ತು. ಮೇಲೆ ಇನ್ನೆರಡು ಅಂತಸ್ತು ಎತ್ತಬೇಕು, ಕೆಳಗಿನದು ತಡೆಯುತ್ತದೆ ಎಂದು ನಾನು ಸಹಿ ಮಾಡಿಕೊಡಬೇಕು. "ಲೆಕ್ಕ ಗಿಕ್ಕ ಏನೂ ಬೇಡ ಮೇಡಂ, ಒಂದು ಸಹಿ ಸಾಕು. ನಲವತ್ತು ಸಾವಿರ ಈಗಲೇ ಕೊಡ್ತೀನಿ" ಎಂದರು.

ನನ್ನ ಖಾತೆಯಲ್ಲಿ ಆವತ್ತು 9,000 ರೂಪಾಯಿ ಇತ್ತು. ಮುಂದಿನ ವಾರ ಬಾಡಿಗೆ ಕೊಡಬೇಕಿತ್ತು.

ನಾನು ಸಹಿ ಮಾಡಲಿಲ್ಲ. ಆದರೆ ಆಗುವುದಿಲ್ಲ ಎಂದು ಹೇಳಲು ನನಗೆ ಒಂದು ರಾತ್ರಿ ಬೇಕಾಯಿತು. ಆ ರಾತ್ರಿಯ ನೆನಪು ಈಗಲೂ ಸುಡುತ್ತದೆ. ಹನ್ನೊಂದು ವರ್ಷ ಅಂಥ ಮಾತಿಗೆ ನಾನು ಒಂದು ನಿಮಿಷವೂ ಯೋಚಿಸಿದವಳಲ್ಲ. ಈಗ ಕಂಪ್ಯೂಟರ್ ಮುಂದೆ ಕೂತು, ಕೇಳದಿದ್ದರೂ ಆ ಕಾಲಂಗಳ ಲೆಕ್ಕ ಹಾಕಿದೆ. ಎಲ್ಲಾದರೂ ಒಂದು ದಾರಿ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ. ನಾಲ್ಕು ಅಂತಸ್ತಿನ ಭಾರವನ್ನು ಆ ಕಾಲಂಗಳೂ ತಡೆಯುತ್ತಿರಲಿಲ್ಲ, ಪಾಯವೂ ತಡೆಯುತ್ತಿರಲಿಲ್ಲ. ಬೆಳಿಗ್ಗೆ ಫೋನು ಮಾಡಿ ಹೇಳಿದೆ. ದುಡ್ಡಿನ ಅಭಾವ ನನ್ನ ಎಂಜಿನಿಯರಿಂಗ್ ಬುದ್ಧಿಯ ಒಳಗೇ ಬಂದು ಕೂತು ವಾದ ಮಾಡಬಲ್ಲದು ಎಂಬುದನ್ನು ಆ ರಾತ್ರಿ ಕಂಡೆ.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವಂತೆ, ಕಟ್ಟಡದ ಮೇಲೆ ಬೀಳುವ ಭಾರವನ್ನು ನಾವು ಇದ್ದಷ್ಟೇ ಹಿಡಿಯುವುದಿಲ್ಲ. ಸ್ವಂತ ತೂಕ, ಜನ, ಸಾಮಾನು ಎಲ್ಲ ಕೂಡಿಸಿ ಒಂದೂವರೆಯಿಂದ ಗುಣಿಸುತ್ತೇವೆ. ಕಾಂಕ್ರೀಟಿನ ಶಕ್ತಿಯನ್ನು ಒಂದೂವರೆಯಿಂದ ಭಾಗಿಸುತ್ತೇವೆ. ಭಾರ ಎಣಿಸಿದ್ದಕ್ಕಿಂತ ಹೆಚ್ಚಾಗಬಹುದು, ಕಾಂಕ್ರೀಟು ನೆನೆಸಿದ್ದಕ್ಕಿಂತ ದುರ್ಬಲವಾಗಬಹುದು ಎಂದು ಮೊದಲೇ ಒಪ್ಪಿಕೊಂಡು ಕಟ್ಟುವ ಕ್ರಮ ಅದು. ದಿನಾ ಬೇರೆಯವರ ಮನೆಗೆ ಈ ಲೆಕ್ಕ ಹಾಕುವ ನಾನು ನನ್ನ ಬದುಕನ್ನು ಮಾತ್ರ ಇದ್ದಷ್ಟಕ್ಕೆ ಇದ್ದಷ್ಟು ಎಂದು ಕಟ್ಟಿಕೊಂಡಿದ್ದೆ. ಈಗ ವರ್ಷದ ಶುರುವಿನಲ್ಲಿ ಬರಬಹುದಾದ ಆದಾಯವನ್ನು ಅಂದಾಜಿಸಿ ಅದನ್ನು ಒಂದೂವರೆಯಿಂದ ಭಾಗಿಸುತ್ತೇನೆ. ಉಳಿದ ಮೊತ್ತದಲ್ಲಿ ಮನೆ ನಡೆಯುತ್ತದೆಯೇ ಎಂದು ನೋಡುತ್ತೇನೆ. ನಡೆಯದಿದ್ದರೆ ಖರ್ಚು ಬದಲಾಗಬೇಕು, ಇಲ್ಲವೇ ದರ ಬದಲಾಗಬೇಕು.

ಸಿಕ್ಕಿದ್ದೆಷ್ಟು, ಹೋದದ್ದೆಷ್ಟು

ತೆರಿಗೆ, ಖರ್ಚು ಎಲ್ಲ ಕಳೆದು ವರ್ಷಕ್ಕೆ 8,31,520 ಉಳಿಯಿತು. ತಿಂಗಳಿಗೆ 69,000 ಚಿಲ್ಲರೆ. ಸಂಬಳಕ್ಕಿಂತ ಕಡಿಮೆ. ಕಚೇರಿ ತನ್ನ ಪಾಲಿನಿಂದ ಕಟ್ಟುತ್ತಿದ್ದ ಭವಿಷ್ಯನಿಧಿ, ವಿಮೆ, ರಜೆಯ ದಿನಗಳ ಸಂಬಳ ಇವನ್ನೂ ಎಣಿಸಿದರೆ ಅಂತರ ಇನ್ನೂ ದೊಡ್ಡದು. ಸ್ವಂತ ಕೆಲಸಕ್ಕೆ ಇಳಿಯುವವರು ತಮ್ಮ ಸಂಬಳಕ್ಕೆ ಈ ಕಣ್ಣಿಗೆ ಕಾಣದ ಮೊತ್ತವನ್ನೂ ಸೇರಿಸಿ ನೋಡಿಯೇ ದರ ಹೇಳಬೇಕು. ನಾನು ಈಗ ತಿಂಗಳಿಗೆ 5,000ವನ್ನು ಮನೆಯ ದುಡ್ಡಿನಿಂದಲೇ ಪಿಪಿಎಫ್‌ಗೆ ಹಾಕುತ್ತೇನೆ. ಹೊಸ ಪದ್ಧತಿಯಲ್ಲಿ ಅದಕ್ಕೆ ತೆರಿಗೆ ರಿಯಾಯಿತಿ ಇಲ್ಲ. ಆದರೂ ಹದಿನೈದು ವರ್ಷ ಸುಲಭವಾಗಿ ಕೈಗೆ ಸಿಗದ ದುಡ್ಡು ಒಂದು ಇರಲಿ ಎಂದು.

ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದೂ ಇದೆ. ವಾರದಲ್ಲಿ ಒಂದು ದಿನ ಅಪ್ಪಯ್ಯನ ಜತೆ ತೋಟ ಸುತ್ತುತ್ತೇನೆ. ಬೆಂಗಳೂರಿನಲ್ಲಿದ್ದಾಗ ನನ್ನ ಡ್ರಾಯಿಂಗಿನ ಕಟ್ಟಡಗಳಲ್ಲಿ ಅರ್ಧದಷ್ಟನ್ನೂ ಕಣ್ಣಿಂದ ನೋಡಿರಲಿಲ್ಲ. ಇಲ್ಲಿ ಪಾಯದ ಗುಂಡಿಯಿಂದ ಗೃಹಪ್ರವೇಶದ ಹೋಳಿಗೆಯವರೆಗೆ ನೋಡುತ್ತೇನೆ. ಮೇಸ್ತ್ರಿಯೊಬ್ಬರು, "ಮೇಡಂ, ಈ ಮೂಲೇಲಿ ಕಂಬಿ ಒತ್ತೊತ್ತಾಗಿ ಬಂದು ಕಾಂಕ್ರೀಟ್ ಇಳೀತಿಲ್ಲ" ಎಂದು ತೋರಿಸಿದ್ದರಿಂದ ನನ್ನ ಡ್ರಾಯಿಂಗ್ ಕ್ರಮವನ್ನೇ ತಿದ್ದಿಕೊಂಡಿದ್ದೇನೆ.

ಈಗ ಎರಡನೇ ಮಳೆಗಾಲ. ಈ ಜುಲೈಯಲ್ಲೂ ಬಂದದ್ದು 20,000ದ ಒಳಗೇ. ಒಂದನೇ ತಾರೀಕು ನನ್ನ 45,000 ನನಗೆ ಬಂತು, ಬಾಡಿಗೆ ಹೋಯಿತು, ವಿಮೆಯ ಕಂತು ಹೋಯಿತು. ವಾಪಸು ಬಂದ ತೆರಿಗೆಯನ್ನೂ ಸೇರಿಸಿ ಅಟ್ಟದ ಖಾತೆ ಎರಡು ಲಕ್ಷ ದಾಟಿದೆ. ಆರು ತಿಂಗಳ ಮನೆಖರ್ಚು, ಅಂದರೆ 2,70,000 ಆಗುವವರೆಗೆ ಅದನ್ನು ಮುಟ್ಟುವುದಿಲ್ಲ.

ಹೋದ ವಾರ ಒಬ್ಬರು ಬಂದಿದ್ದರು. ಕಾಲಂ ಒಂದಕ್ಕೆ ಎರಡೆರಡು ಕಂಬಿ ಕಡಿಮೆ ಮಾಡಿಕೊಟ್ಟರೆ ಈ ಮನೆಯ ಜತೆಗೆ ತಮ್ಮನ ಮನೆಯ ಕೆಲಸವನ್ನೂ ಕೊಡುತ್ತೇನೆ ಎಂದರು. ಲೆಕ್ಕದಲ್ಲಿ ಎಷ್ಟು ಬಂದಿದೆಯೋ ಅಷ್ಟು ಹಾಕಲೇಬೇಕು, ಕಡಿಮೆ ಮಾಡಲು ಆಗುವುದಿಲ್ಲ ಎಂದೆ. ಕಾಫಿ ಆರುವ ಮೊದಲೇ ಆ ಮಾತು ಮುಗಿದಿತ್ತು.

ಚಿಕ್ಕವಳಿದ್ದಾಗ ಒಂದು ಮಳೆಗಾಲ, ನೆಂಟರ ಮದುವೆಯ ಖರ್ಚಿನ ನಡುವೆ, ಊರಿಗೆ ಬಂದ ವ್ಯಾಪಾರಿಯೊಬ್ಬರು ಅಟ್ಟದ ಅಡಿಕೆಗೆ ತೀರಾ ಕಡಿಮೆ ದರ ಹೇಳಿದ್ದರು. ಅಪ್ಪಯ್ಯ ಅವರಿಗೆ ಬೆಲ್ಲ, ನೀರು ಕೊಟ್ಟು, "ಈಗ ಕೊಡಲ್ಲ" ಎಂದಷ್ಟೇ ಹೇಳಿ ಕಳಿಸಿದ್ದರು. ದನಿ ಏರಿಸಿರಲಿಲ್ಲ. ಅಪ್ಪಯ್ಯನಿಗೆ ಅಷ್ಟು ಶಾಂತವಾಗಿ ಹಾಗೆ ಹೇಳಲು ಆದದ್ದು ಹೇಗೆಂದು ಈಗ ತಿಳಿದಿದೆ.